ನಮ್ಮದೇ ಕಂಪ್ಯೂಟರ್, ಆದರೂ ಅನುಮತಿ ಯಾರದು?

ಹೊಸ ಪ್ರಿಂಟರ್ ಮನೆಗೆ ಬಂದಿದೆ. ಅದರ ಸಾಫ್ಟ್‌ವೇರ್ ಹಾಕಲು ಹೊರಟರೆ ಕಂಪ್ಯೂಟರ್ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಇನ್ನೊಂದು ಮನೆಯಲ್ಲಿ ಕನ್ನಡ ಟೈಪ್ ಮಾಡಲು ನುಡಿ ತಂತ್ರಾಂಶ ಹಾಕುತ್ತಿದ್ದಾರೆ. ಅರ್ಧಕ್ಕೆ 'ಆ್ಯಕ್ಸೆಸ್ ಈಸ್ ಡಿನೈಡ್', ಅಂದರೆ 'ಒಳಗೆ ಬಿಡಲಾಗದು' ಎಂಬ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಮತ್ತೊಬ್ಬರು ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಜೋಡಿಸಬೇಕು. ಅದರ ಡ್ರೈವರ್, ಅಂದರೆ ಆ ಸಾಧನವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ, ಕೂರುತ್ತಲೇ ಇಲ್ಲ. ಕಂಪ್ಯೂಟರ್ ನಮ್ಮದು, ದುಡ್ಡು ಕೊಟ್ಟು ತಂದವರೂ ನಾವೇ. ಹಾಗಿದ್ದ ಮೇಲೆ ಇನ್ಯಾರ ಅನುಮತಿ ಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಈ ತೊಂದರೆಯನ್ನು ಬಹುಪಾಲು ಮನೆಯಲ್ಲೇ, ಪೈಸೆ ಖರ್ಚಿಲ್ಲದೆ ಬಿಡಿಸಿಕೊಳ್ಳಬಹುದು. ಅದಕ್ಕೆ ಮೊದಲು ತಡೆಯುತ್ತಿರುವುದು ಯಾವುದು ಎಂದು ಗುರುತಿಸಬೇಕು. 'ಅನುಮತಿ ಇಲ್ಲ' ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಕಾರಣ ತಿಳಿಯದೆ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದರೆ ಸಣ್ಣ ತೊಡಕು ದೊಡ್ಡದಾಗುತ್ತದೆ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು ವಿಂಡೋಸ್ 11 ಇರುವ ಮನೆ ಕಂಪ್ಯೂಟರ್‌ಗಳ ವಿಷಯ. ಆಫೀಸಿನಿಂದ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಲೆಕ್ಕವೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಅಡ್ಮಿನಿಸ್ಟ್ರೇಟರ್ ಎಂದರೆ ಯಾರು?

ವಿಂಡೋಸ್‌ನಲ್ಲಿ ಬಳಕೆದಾರರ ಖಾತೆಗಳು ಎರಡು ಬಗೆ. ಒಂದು ಅಡ್ಮಿನಿಸ್ಟ್ರೇಟರ್, ಅಂದರೆ ಇಡೀ ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡುವ ಅಧಿಕಾರ ಇರುವ ಖಾತೆ. ಇನ್ನೊಂದು ಸ್ಟ್ಯಾಂಡರ್ಡ್ ಯೂಸರ್, ಅಂದರೆ ಸಾಮಾನ್ಯ ಬಳಕೆದಾರ. ಸಾಮಾನ್ಯ ಖಾತೆಯವರು ಟೈಪ್ ಮಾಡಬಹುದು, ಇಂಟರ್‌ನೆಟ್ ನೋಡಬಹುದು, ತಮ್ಮ ಫೈಲ್‌ಗಳನ್ನು ಉಳಿಸಬಹುದು, ಅಳಿಸಬಹುದು. ಆದರೆ ಎಲ್ಲರಿಗೂ ತಟ್ಟುವ ಬದಲಾವಣೆ ಮಾಡುವಂತಿಲ್ಲ. ಹೊಸ ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ತೆರೆಯುವ ಖಾತೆ ತಾನಾಗಿಯೇ ಅಡ್ಮಿನಿಸ್ಟ್ರೇಟರ್ ಆಗುತ್ತದೆ. ಆಮೇಲೆ ಸೇರಿಸಿದ ಖಾತೆಗಳು ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಆಗಿರುತ್ತವೆ. ಮಗನ ಹೆಸರಿನಲ್ಲಿ ಮೊದಲ ಖಾತೆ ತೆರೆದು, ಆಮೇಲೆ ಅಪ್ಪನಿಗೊಂದು ಖಾತೆ ಮಾಡಿಕೊಟ್ಟ ಮನೆಗಳಲ್ಲಿ ಅಪ್ಪನಿಗೆ ಏನೂ ಹಾಕಲಾಗದಿರುವುದು ಇದೇ ಕಾರಣಕ್ಕೆ.

ಎಲ್ಲರಿಗೂ ತಟ್ಟುವ ಬದಲಾವಣೆ ಎಂದರೆ ಯಾವುದು? ಸಾಫ್ಟ್‌ವೇರ್ ಹಾಕುವಾಗ ಅದರ ಫೈಲ್‌ಗಳು ಸಾಮಾನ್ಯವಾಗಿ ಸಿ ಡ್ರೈವ್‌ನ 'ಪ್ರೋಗ್ರಾಮ್ ಫೈಲ್ಸ್' ಎಂಬ ಫೋಲ್ಡರ್‌ಗೆ ಹೋಗಿ ಕೂರುತ್ತವೆ. ಕೆಲವು ಫೈಲ್‌ಗಳು 'ವಿಂಡೋಸ್' ಫೋಲ್ಡರ್‌ಗೂ ಹೋಗುತ್ತವೆ. ರಿಜಿಸ್ಟ್ರಿ ಎಂಬ ದಾಖಲೆ ಪುಸ್ತಕದಲ್ಲೂ ಒಂದಷ್ಟು ಬರೆಯಬೇಕಾಗುತ್ತದೆ. ಈ ಮೂರೂ ಕಾವಲಿರುವ ಜಾಗಗಳು. ಪ್ರಿಂಟರ್ ಅಥವಾ ಡಿಜಿಟಲ್ ಸಹಿಯ ಟೋಕನ್‌ನಂಥ ಯಂತ್ರಗಳಿಗೆ ಬೇಕಾದ ಡ್ರೈವರ್ ಇನ್ನೂ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಅಲ್ಲಿ ಅನುಮತಿ ಕೇಳುವುದು ಖಚಿತ.

ಎಲ್ಲ ಸಾಫ್ಟ್‌ವೇರ್‌ಗೂ ಅನುಮತಿ ಬೇಕೆಂದಿಲ್ಲ. ಕೆಲವು ನಿಮ್ಮ ಖಾತೆಯೊಳಗಿನ 'ಆ್ಯಪ್‌ಡೇಟಾ' ಎಂಬ ಫೋಲ್ಡರ್‌ನಲ್ಲೇ ಕೂರುತ್ತವೆ. ಝೂಮ್ ಹಾಗೆ ಕೂರಬಲ್ಲದು. ಕ್ರೋಮ್ ಬ್ರೌಸರ್ ಕೂಡ ಅನುಮತಿ ಸಿಗದಿದ್ದರೆ ನಿಮ್ಮೊಬ್ಬರಿಗೆ ಮಾತ್ರ ಹಾಕಿಕೊಳ್ಳಲೇ ಎಂದು ಕೇಳುತ್ತದೆ. ಹಾಕುವಾಗ 'ಇನ್‌ಸ್ಟಾಲ್ ಫಾರ್ ಮಿ ಓನ್ಲಿ' ಎಂಬ ಆಯ್ಕೆ ಕಂಡರೆ ಅದನ್ನು ಆರಿಸಿ. ಪಾಸ್‌ವರ್ಡ್ ಪ್ರಶ್ನೆಯೇ ಬರದೆ ಕೆಲಸ ಮುಗಿಯಬಹುದು. ಮನೆಯ ಬೇರೆಯವರ ಖಾತೆಯಲ್ಲಿ ಆ ಸಾಫ್ಟ್‌ವೇರ್ ಕಾಣುವುದಿಲ್ಲ, ಅಷ್ಟೇ.

ನಾನೇ ಅಡ್ಮಿನಿಸ್ಟ್ರೇಟರ್, ಆದರೂ ಏಕೆ ಕೇಳುತ್ತದೆ?

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆ ಬಳಕೆದಾರರು ಇಡೀ ದಿನ ಪೂರ್ತಿ ಅಧಿಕಾರದಲ್ಲೇ ಕೆಲಸ ಮಾಡುತ್ತಿದ್ದರು. ಪೆನ್‌ಡ್ರೈವ್‌ನಲ್ಲಿ ಬಂದ ವೈರಸ್‌ಗೂ ಅದೇ ಅಧಿಕಾರ ಸಿಗುತ್ತಿತ್ತು. ಅದು ಯಾರನ್ನೂ ಕೇಳದೆ ವಿಂಡೋಸ್ ಫೋಲ್ಡರ್‌ಗೆ ಹೊಕ್ಕು ಕೂರುತ್ತಿತ್ತು. ಇದನ್ನು ತಡೆಯಲು ಮೈಕ್ರೋಸಾಫ್ಟ್ 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ಏರ್ಪಾಟು ತಂದಿತು. ಬಳಕೆದಾರರ ಅಧಿಕಾರಕ್ಕೆ ಹಾಕಿದ ಕಡಿವಾಣ ಅದು. ಚಿಕ್ಕದಾಗಿ ಯುಎಸಿ ಎನ್ನುತ್ತಾರೆ.

ಇದರ ಕೆಲಸ ಹೀಗೆ. ನೀವು ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಬಂದಾಗ ವಿಂಡೋಸ್ ನಿಮ್ಮ ಹೆಸರಿನಲ್ಲಿ ಎರಡು ಗುರುತುಚೀಟಿ ಸಿದ್ಧ ಮಾಡುತ್ತದೆ. ಒಂದರಲ್ಲಿ ಸಾಮಾನ್ಯ ಅಧಿಕಾರ, ಇನ್ನೊಂದರಲ್ಲಿ ಪೂರ್ತಿ ಅಧಿಕಾರ. ಮನೆಯ ಯಜಮಾನಿ ಬೀರುವಿನ ಬೀಗದ ಕೈ ಒಳಗಿಟ್ಟು, ಬಾಗಿಲ ಕೀಲಿಯೊಂದನ್ನೇ ಸೆರಗಿಗೆ ಕಟ್ಟಿಕೊಂಡು ಓಡಾಡುವ ಹಾಗೆ, ನೀವು ತೆರೆಯುವ ವರ್ಡ್, ಬ್ರೌಸರ್ ಎಲ್ಲವೂ ಸಾಮಾನ್ಯ ಚೀಟಿಯಲ್ಲೇ ನಡೆಯುತ್ತವೆ. ಯಾವುದಾದರೂ ಪ್ರೋಗ್ರಾಮ್ ಪೂರ್ತಿ ಅಧಿಕಾರ ಬೇಡಿದಾಗ ಪರದೆ ಮಬ್ಬಾಗಿ, 'ಈ ಆ್ಯಪ್ ನಿಮ್ಮ ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡಲು ಬಿಡಬೇಕೇ?' ಎಂಬ ಅರ್ಥದ ಚೌಕ ಬರುತ್ತದೆ. ಯೆಸ್ ಒತ್ತಿದರೆ ಆ ಪ್ರೋಗ್ರಾಮ್‌ಗೆ ಮಾತ್ರ ಎರಡನೆಯ ಚೀಟಿ ಸಿಗುತ್ತದೆ. ಪರದೆ ಮಬ್ಬಾಗುವುದಕ್ಕೂ ಕಾರಣವಿದೆ. ಆ ಹೊತ್ತಿನಲ್ಲಿ ವಿಂಡೋಸ್ ಬೇರೊಂದು ಕಾಪಿಟ್ಟ ಪರದೆಗೆ ಹೋಗಿರುತ್ತದೆ. ಉಳಿದ ಪ್ರೋಗ್ರಾಮ್‌ಗಳು ನಿಮ್ಮ ಪರವಾಗಿ ಯೆಸ್ ಒತ್ತಲು ಅಲ್ಲಿ ಆಗುವುದಿಲ್ಲ.

ಅಡ್ಮಿನಿಸ್ಟ್ರೇಟರ್ ಖಾತೆಯವರಿಗೆ ಈ ಚೌಕದಲ್ಲಿ ಸಾಮಾನ್ಯವಾಗಿ ಯೆಸ್, ನೋ ಎರಡೇ ಗುಂಡಿ ಇರುತ್ತವೆ. ಸ್ಟ್ಯಾಂಡರ್ಡ್ ಖಾತೆಯವರಿಗೆ ಅಡ್ಮಿನಿಸ್ಟ್ರೇಟರ್ ಹೆಸರು ತೋರಿಸಿ ಪಾಸ್‌ವರ್ಡ್ ಅಥವಾ ಪಿನ್ ಕೇಳುತ್ತದೆ. ಚೌಕದಲ್ಲಿ ಪ್ರಕಾಶಕರ ಹೆಸರಿನ ಸಾಲೂ ಇರುತ್ತದೆ. 'ವೆರಿಫೈಡ್ ಪಬ್ಲಿಷರ್' ಎಂದು ಕಂಪನಿಯ ಹೆಸರಿದ್ದರೆ ಆ ಫೈಲ್‌ಗೆ ಡಿಜಿಟಲ್ ಸಹಿ ಬಿದ್ದಿದೆ ಎಂದರ್ಥ. ಹಳದಿ ಬಣ್ಣದ ಜೊತೆ 'ಅನ್‌ನೋನ್' ಎಂದಿದ್ದರೆ ಸಹಿ ಇಲ್ಲ. ಸಹಿ ಇಲ್ಲದ್ದೆಲ್ಲ ವೈರಸ್ ಆಗಿರುವುದಿಲ್ಲ. ಸಣ್ಣ ತಂಡಗಳು ಮಾಡಿದ ಎಷ್ಟೋ ಒಳ್ಳೆಯ ಸಾಫ್ಟ್‌ವೇರ್‌ಗಳಿಗೆ ಸಹಿ ಇರುವುದಿಲ್ಲ. ಆದರೆ ಅಂಥದ್ದಕ್ಕೆ ಯೆಸ್ ಒತ್ತುವ ಮುನ್ನ ಅದು ಎಲ್ಲಿಂದ ಬಂತು ಎಂಬುದು ನಿಮಗೆ ಖಚಿತವಾಗಿ ಗೊತ್ತಿರಬೇಕು.

ಮೊದಲು ನೋಡಬೇಕಾದ್ದು ನಿಮ್ಮ ಖಾತೆ

ಸೆಟ್ಟಿಂಗ್ಸ್ ತೆರೆಯಿರಿ. ಅಕೌಂಟ್ಸ್ ಒತ್ತಿ, ಅದರಲ್ಲಿ 'ಯುವರ್ ಇನ್ಫೋ' ನೋಡಿ. ನಿಮ್ಮ ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಎಂದು ಬರೆದಿದ್ದರೆ ನಿಮಗೆ ಅಧಿಕಾರ ಇದೆ. ಹಾಗೆ ಬರೆದಿಲ್ಲದಿದ್ದರೆ ನಿಮ್ಮದು ಸ್ಟ್ಯಾಂಡರ್ಡ್ ಖಾತೆ.

ಸ್ಟ್ಯಾಂಡರ್ಡ್ ಆಗಿದ್ದರೆ ಸುಲಭದ ದಾರಿ ಎಂದರೆ ಮನೆಯಲ್ಲಿ ಯಾರ ಖಾತೆ ಅಡ್ಮಿನಿಸ್ಟ್ರೇಟರ್ ಆಗಿದೆಯೋ ಅವರನ್ನು ಕರೆದು, ಚೌಕ ಬಂದಾಗ ಅವರ ಪಾಸ್‌ವರ್ಡ್ ಹಾಕಿಸುವುದು. ಅದಕ್ಕಾಗಿ ನಿಮ್ಮ ಖಾತೆಯಿಂದ ಹೊರಗೆ ಹೋಗಬೇಕಾಗಿಲ್ಲ. ಅವರು ಸದಾ ಮನೆಯಲ್ಲಿರದಿದ್ದರೆ, ಅಥವಾ ನಿಮಗೆ ಆಗಾಗ ಸಾಫ್ಟ್‌ವೇರ್ ಹಾಕುವ ಕೆಲಸ ಇದ್ದರೆ, ನಿಮ್ಮ ಖಾತೆಯನ್ನೇ ಬದಲಿಸಿಕೊಳ್ಳಬಹುದು. ಅದನ್ನು ಅವರ ಖಾತೆಯಿಂದಲೇ ಮಾಡಬೇಕು. ಅವರು ಕಂಟ್ರೋಲ್ ಪ್ಯಾನೆಲ್ ತೆರೆದು, ಯೂಸರ್ ಅಕೌಂಟ್ಸ್‌ಗೆ ಹೋಗಿ, ನಿಮ್ಮ ಹೆಸರು ಆರಿಸಿ, 'ಚೇಂಜ್ ಅಕೌಂಟ್ ಟೈಪ್' ಒತ್ತಿ ಅಡ್ಮಿನಿಸ್ಟ್ರೇಟರ್ ಎಂದು ಗುರುತಿಸಿದರೆ ಆಯಿತು. ಬದಲಾವಣೆ ಜಾರಿಗೆ ಬರಲು ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ.

ಇಲ್ಲಿ ನನ್ನದೊಂದು ಗಟ್ಟಿಯಾದ ಸಲಹೆ ಇದೆ. ಮನೆಯಲ್ಲಿ ಎಲ್ಲರಿಗೂ ಅಡ್ಮಿನಿಸ್ಟ್ರೇಟರ್ ಪಟ್ಟ ಕೊಡಬೇಡಿ. ಸಾಫ್ಟ್‌ವೇರ್ ಹಾಕುವುದಕ್ಕೆಂದೇ ಒಂದು ಅಡ್ಮಿನಿಸ್ಟ್ರೇಟರ್ ಖಾತೆ ಇರಲಿ. ಅದರ ಪಾಸ್‌ವರ್ಡ್ ದೊಡ್ಡವರಿಬ್ಬರಿಗೆ ಗೊತ್ತಿರಲಿ, ಪುಸ್ತಕದಲ್ಲಿ ಬರೆದೂ ಇಡಿ. ದಿನದ ಕೆಲಸಕ್ಕೆ, ಅದರಲ್ಲೂ ಮಕ್ಕಳಿಗೆ, ಸ್ಟ್ಯಾಂಡರ್ಡ್ ಖಾತೆ ಸಾಕು. ಆಟದ ಹೆಸರಿನಲ್ಲಿ ಬರುವ ಕಳ್ಳ ಸಾಫ್ಟ್‌ವೇರ್‌ಗಳಲ್ಲಿ ಬಹುಪಾಲು ಆ ಪಾಸ್‌ವರ್ಡ್ ಚೌಕದ ಮುಂದೆಯೇ ನಿಂತುಹೋಗುತ್ತವೆ.

ಅಧಿಕಾರ ಇದ್ದರೂ ಹಾಕಲಾಗದಿದ್ದರೆ

ನಿಮ್ಮದು ಅಡ್ಮಿನಿಸ್ಟ್ರೇಟರ್ ಖಾತೆಯೇ. ಆದರೂ ಸೆಟಪ್ ನಿಲ್ಲುತ್ತಿದೆ. ಹೊಸ ಸಾಫ್ಟ್‌ವೇರ್‌ಗಳು ತಮಗೆ ಅನುಮತಿ ಬೇಕೆಂದು ತಾವೇ ಕೇಳಿಕೊಳ್ಳುತ್ತವೆ. ಹಳೆಯ ಕೆಲವು ಸಾಫ್ಟ್‌ವೇರ್‌ಗಳಿಗೆ ಆ ಪದ್ಧತಿಯೇ ಗೊತ್ತಿಲ್ಲ. ಕೇಳದೆ ನುಗ್ಗುತ್ತವೆ, ಬಾಗಿಲಲ್ಲಿ ತಡೆ ಬೀಳುತ್ತದೆ. ಆಗ ಅನುಮತಿಯನ್ನು ನೀವೇ ಕೊಟ್ಟು ಆರಂಭಿಸಬೇಕು. ಸೆಟಪ್ ಫೈಲ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ. ಬರುವ ಪಟ್ಟಿಯಲ್ಲಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. 'ಎರರ್ 5' ಅಥವಾ 'ಎರರ್ 740' ಎಂದು ಬಂದಿದ್ದರೆ ಹೆಚ್ಚಿನ ಸಲ ಇಷ್ಟರಲ್ಲೇ ಪರಿಹಾರ ಸಿಗುತ್ತದೆ. 740 ಎಂದರೆ 'ಈ ಕೆಲಸಕ್ಕೆ ಹೆಚ್ಚಿನ ಅಧಿಕಾರ ಬೇಕು' ಎಂದೇ ಅರ್ಥ. 5 ಎಂದರೆ 'ಪ್ರವೇಶವಿಲ್ಲ'.

ಸೆಟಪ್ ಫೈಲ್ ಝಿಪ್ ಕಟ್ಟಿನೊಳಗೆ ಇದ್ದರೆ ಅಲ್ಲಿಂದಲೇ ಒತ್ತಬೇಡಿ. ಮೊದಲು 'ಎಕ್ಸ್‌ಟ್ರಾಕ್ಟ್ ಆಲ್' ಒತ್ತಿ ಹೊರಗೆ ಬಿಚ್ಚಿಕೊಳ್ಳಿ. ಇಲ್ಲದಿದ್ದರೆ ಜೊತೆಯ ಫೈಲ್‌ಗಳು ಸಿಗದೆ ಸೆಟಪ್ ಸೋಲುತ್ತದೆ. ಅದನ್ನೂ ಜನ ಅನುಮತಿಯ ತೊಂದರೆ ಎಂದೇ ತಿಳಿಯುತ್ತಾರೆ.

ಇಲ್ಲೊಂದು ತೊಡಕು ಅನೇಕರನ್ನು ಸುಸ್ತು ಮಾಡುತ್ತದೆ. ಕೆಲವು ಸೆಟಪ್ ಫೈಲ್‌ಗಳ ಹೆಸರಿನ ಕೊನೆಗೆ ಎಂಎಸ್‌ಐ ಎಂದಿರುತ್ತದೆ. ಬಲಗುಂಡಿ ಒತ್ತಿದರೆ ಅವುಗಳಿಗೆ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂಬ ಸಾಲೇ ಬರುವುದಿಲ್ಲ. ಹಾಕಲು ಹೋದಾಗ 1925, 2502, 2503 ಎಂಬ ಸಂಖ್ಯೆಗಳ ಎರರ್ ಬಂದರೆ ಹೀಗೆ ಮಾಡಿ. ಆ ಫೈಲ್ ಇರುವ ಫೋಲ್ಡರ್ ತೆರೆಯಿರಿ. ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ಫೈಲ್ ಮೇಲೆ ಬಲಗುಂಡಿ ಒತ್ತಿ, 'ಕಾಪಿ ಆ್ಯಸ್ ಪಾತ್' ಆರಿಸಿ. ಫೈಲ್‌ನ ವಿಳಾಸ ನಕಲಾಗುತ್ತದೆ. ಈಗ ಸ್ಟಾರ್ಟ್ ಹುಡುಕುಪಟ್ಟಿಯಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ಬಲಗುಂಡಿ ಒತ್ತಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ತೆರೆದ ಕಪ್ಪು ಪರದೆಯಲ್ಲಿ ನಕಲು ಮಾಡಿದ್ದನ್ನು ಅಂಟಿಸಿ ಎಂಟರ್ ಒತ್ತಿ. ಒಂದಕ್ಷರವೂ ಟೈಪ್ ಮಾಡಬೇಕಿಲ್ಲ. ಆ ಪರದೆಗೆ ಈಗಾಗಲೇ ಪೂರ್ತಿ ಅಧಿಕಾರ ಇರುವುದರಿಂದ ಅದು ಆರಂಭಿಸಿದ ಸೆಟಪ್‌ಗೂ ಅದೇ ಅಧಿಕಾರ ಸಿಗುತ್ತದೆ. ಪವರ್‌ಶೆಲ್ ಎಂಬ ನೀಲಿ ಪರದೆಯಲ್ಲಿ ಹೀಗೆ ಅಂಟಿಸಿದರೆ ಕೆಲಸವಾಗುವುದಿಲ್ಲ. ಕಮಾಂಡ್ ಪ್ರಾಂಪ್ಟ್ ಎಂದೇ ಹುಡುಕಿ ತೆರೆಯಿರಿ.

ಎರರ್ 1303 ಬಂದರೆ ಯಾವುದೋ ಒಂದು ಫೋಲ್ಡರ್‌ಗೆ ಬರೆಯಲು ಆಗುತ್ತಿಲ್ಲ ಎಂದರ್ಥ. ಫೋಲ್ಡರ್‌ನ ಹೆಸರು ಅದೇ ಸಂದೇಶದಲ್ಲಿರುತ್ತದೆ. ಹಿಂದೆ ಹಾಕಿ ತೆಗೆದ ಅದೇ ಸಾಫ್ಟ್‌ವೇರ್‌ನ ಉಳಿಕೆ ಫೋಲ್ಡರ್ ಅದಾಗಿದ್ದರೆ ಅಳಿಸಿ ಮತ್ತೆ ಪ್ರಯತ್ನಿಸಿ. 1618 ಬಂದರೆ ಅನುಮತಿಗೂ ಅದಕ್ಕೂ ಸಂಬಂಧ ಇಲ್ಲ. ಹಿಂದೆ ಇನ್ನೊಂದು ಸಾಫ್ಟ್‌ವೇರ್ ಹಾಕಿಕೊಳ್ಳುವ ಕೆಲಸ ನಡೆಯುತ್ತಿದೆ. ಸ್ವಲ್ಪ ಕಾಯಿರಿ, ಇಲ್ಲವೇ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಫೋಲ್ಡರ್‌ಗಳ ಒಡೆತನವನ್ನು, ಅಂದರೆ ಓನರ್‌ಶಿಪ್ ಅನ್ನು, ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಿಮ್ಮದೇ ಹಳೆಯ ಹಾರ್ಡ್‌ಡಿಸ್ಕ್‌ನ ಫೈಲ್‌ಗಳಿಗೆ ಇದು ಸರಿ. ಆದರೆ ವಿಂಡೋಸ್ ಫೋಲ್ಡರ್‌ಗೋ ಪ್ರೋಗ್ರಾಮ್ ಫೈಲ್ಸ್‌ಗೋ ಹೀಗೆ ಮಾಡಬೇಡಿ. ಅಲ್ಲಿನ ಬಹಳಷ್ಟು ಫೈಲ್‌ಗಳ ಒಡೆತನ ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ವಿಂಡೋಸ್‌ನದೇ ಸೇವೆಯದು. ಅದನ್ನು ಕದಲಿಸಿದರೆ ಮುಂದೆ ಅಪ್‌ಡೇಟ್‌ಗಳು ಕೆಟ್ಟು, ಇಡೀ ವಿಂಡೋಸ್ ಹೊಸದಾಗಿ ಹಾಕುವ ಪರಿಸ್ಥಿತಿ ಬರಬಹುದು.

ಯುಎಸಿಯನ್ನೇ ನಿಲ್ಲಿಸಿಬಿಟ್ಟರೆ?

ಇದು ತುಂಬ ಜನ ಕೇಳುವ ಪ್ರಶ್ನೆ. ಹುಡುಕುಪಟ್ಟಿಯಲ್ಲಿ ಯುಎಸಿ ಎಂದು ಹುಡುಕಿದರೆ ನಾಲ್ಕು ಹಂತಗಳ ಒಂದು ಜಾರುಗುಂಡಿ ಸಿಗುತ್ತದೆ. ಅದನ್ನು ತಳಕ್ಕೆ ಎಳೆದರೆ ಅಡ್ಮಿನಿಸ್ಟ್ರೇಟರ್‌ಗೆ ಪ್ರಶ್ನೆ ಕೇಳುವುದೇ ನಿಲ್ಲುತ್ತದೆ.    ಆದರೆ ಬಂದ ವೈರಸ್‌ಗೆಲ್ಲ ಕೇಳದೆ ಬಾಗಿಲು ತೆರೆದಂತೆ ಆಗುತ್ತದೆ. ಗುಂಡಿ ಮೇಲಿನಿಂದ ಎರಡನೆಯ ಹಂತದಲ್ಲಿರಲಿ. ವಿಂಡೋಸ್ ತಾನಾಗಿ ಇಟ್ಟಿರುವುದೂ ಅಲ್ಲೇ.

ಅನುಮತಿಯಂತೆ ಕಾಣುವ ಬೇರೆ ತಡೆಗಳು

'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಎಂಬ ನೀಲಿ ಚೌಕ ಬಂದರೆ ಅದು ಸ್ಮಾರ್ಟ್‌ಸ್ಕ್ರೀನ್ ಎಂಬ ಕಾವಲು. ಹೆಚ್ಚು ಜನ ಬಳಸದ ಫೈಲ್ ಕಂಡರೆ ಅದು ಎಚ್ಚರಿಸುತ್ತದೆ. ಫೈಲ್ ಅಧಿಕೃತ ತಾಣದಿಂದ ಬಂದದ್ದು ಎಂದು ಖಚಿತವಿದ್ದರೆ 'ಮೋರ್ ಇನ್ಫೋ' ಒತ್ತಿ, ಆಮೇಲೆ 'ರನ್ ಎನಿವೇ' ಒತ್ತಿ. ಡೌನ್‌ಲೋಡ್ ಮಾಡಿದ ಫೈಲ್‌ನ ಪ್ರಾಪರ್ಟೀಸ್ ತೆರೆದರೆ ಕೆಳಗೆ 'ಅನ್‌ಬ್ಲಾಕ್' ಎಂಬ ಪುಟ್ಟ ಚೌಕ ಇರಬಹುದು. ಅದರಲ್ಲಿ ಗುರುತು ಹಾಕಿದರೂ ಈ ತಡೆ ಹೋಗುತ್ತದೆ.

ಕೆಲವು ಲ್ಯಾಪ್‌ಟಾಪ್‌ಗಳು ಎಸ್ ಮೋಡ್‌ನಲ್ಲಿ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಿಟ್ಟು ಬೇರೆ ಎಲ್ಲಿಂದ ತಂದ ಸಾಫ್ಟ್‌ವೇರನ್ನೂ ಹಾಕಲಾಗುವುದಿಲ್ಲ. ನೀವು ಅಡ್ಮಿನಿಸ್ಟ್ರೇಟರ್ ಆದರೂ ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಷನ್ ಪುಟಕ್ಕೆ ಹೋದರೆ ಅದರಿಂದ ಹೊರಬರುವ ದಾರಿ ಸಿಗುತ್ತದೆ. ಇದಕ್ಕೆ ದುಡ್ಡಿಲ್ಲ. ಒಮ್ಮೆ ಹೊರಬಂದ ಮೇಲೆ ಮತ್ತೆ ಎಸ್ ಮೋಡ್‌ಗೆ ಹಿಂತಿರುಗಲು ಆಗುವುದಿಲ್ಲ ಎಂಬುದು ನೆನಪಿರಲಿ.

ಸೆಟ್ಟಿಂಗ್ಸ್‌ನಲ್ಲಿ 'ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂಬ ಅರ್ಥದ ಸಾಲು ಕಂಡರೆ, ಅದೂ ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ, ಅಲ್ಲಿಗೆ ಕೈಬಿಡಿ. ಅಧಿಕಾರ ಕಂಪನಿಯ ಐಟಿ ವಿಭಾಗದ್ದು. ಅವರಿಗೆ ಕೋರಿಕೆ ಕಳಿಸಿ. ಅಡ್ಡದಾರಿ ಹಿಡಿದರೆ ಕೆಲಸಕ್ಕೇ ಕುತ್ತು ಬಂದೀತು. ಸೆಕೆಂಡ್ ಹ್ಯಾಂಡ್ ಕೊಂಡ ಕಂಪ್ಯೂಟರ್‌ನಲ್ಲಿ ಹಳೆಯ ಮಾಲೀಕರ ಖಾತೆ ಹಾಗೇ ಉಳಿದಿದ್ದರೆ ಅದನ್ನು ಬಳಸಿಕೊಂಡು ಹೋಗಬೇಡಿ. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ 'ರೀಸೆಟ್ ದಿಸ್ ಪಿಸಿ' ಇದೆ. ಮಾರುವವರ ಎದುರೇ ಅದನ್ನು ಮಾಡಿಸಿ, ಮೊದಲ ಖಾತೆ ನಿಮ್ಮ ಹೆಸರಿನಲ್ಲಿ ತೆರೆದುಕೊಳ್ಳಿ.

ನುಡಿ, ಫಾಂಟು, ಕನ್ನಡ ಕೀಲಿಮಣೆ

ಕನ್ನಡ ಬರೆಯುವವರಿಗೆ ಈ ಅಧಿಕಾರದ ಏರ್ಪಾಟಿನಿಂದ ಬರುವ ತೊಂದರೆಗಳು ಸ್ವಲ್ಪ ಬೇರೆ. ಅವು ಅನುಮತಿಯ ತೊಂದರೆ ಎಂದು ಗೊತ್ತೇ ಆಗುವುದಿಲ್ಲ. ಹಾಗಾಗಿ ಇವನ್ನು ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಫಾಂಟು. ಫಾಂಟ್ ಫೈಲ್ ಮೇಲೆ ಬಲಗುಂಡಿ ಒತ್ತಿದರೆ 'ಇನ್‌ಸ್ಟಾಲ್' ಮತ್ತು 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಎಂಬ ಎರಡು ಸಾಲು ಕಾಣುತ್ತವೆ. ಮೊದಲನೆಯದಕ್ಕೆ ಅನುಮತಿ ಬೇಕಿಲ್ಲ, ಫಾಂಟು ನಿಮ್ಮೊಬ್ಬರಿಗೆ ಸೇರುತ್ತದೆ. ಆದರೆ ಹಳೆಯ ಪುಟವಿನ್ಯಾಸದ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಹೀಗೆ ಒಬ್ಬರಿಗಷ್ಟೇ ಹಾಕಿದ ಫಾಂಟನ್ನು ಕಾಣಲಾರವು. ಫಾಂಟು ಹಾಕಿದ್ದೇನೆ, ಪಟ್ಟಿಯಲ್ಲಿ ಮಾತ್ರ ಬರುತ್ತಿಲ್ಲ ಎಂದಾದರೆ, ಗುರಾಣಿಯ ಚಿತ್ರ ಇರುವ ಎರಡನೆಯ ಸಾಲನ್ನು ಒತ್ತಿ ಎಲ್ಲರಿಗೂ ಹಾಕಿ ನೋಡಿ. ಯಾವ ಗುಂಡಿಯ ಪಕ್ಕ ಆ ಪುಟ್ಟ ಗುರಾಣಿ ಕಂಡರೂ ಅಲ್ಲಿ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕೆಂದು ತಿಳಿಯಿರಿ.

ಎರಡನೆಯದು ಇನ್ನೂ ವಿಚಿತ್ರ. ಎಲ್ಲ ಕಡೆ ಕನ್ನಡ ಬರುತ್ತದೆ, ಒಂದು ಪ್ರೋಗ್ರಾಮ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೇ ಮೂಡುತ್ತವೆ. ಹಿಂದೆ ನಿಂತು ನಿಮ್ಮ ಕೀಲಿಗಳನ್ನು ಹಿಡಿದು ಕನ್ನಡಕ್ಕೆ ಬದಲಿಸಿಕೊಡುವ ಕೀಲಿಮಣೆ ತಂತ್ರಾಂಶ ಸಾಮಾನ್ಯ ಅಧಿಕಾರದಲ್ಲಿ ಓಡುತ್ತಿರುತ್ತದೆ. ನೀವು ಟೈಪ್ ಮಾಡುತ್ತಿರುವ ಪ್ರೋಗ್ರಾಮನ್ನು ಮಾತ್ರ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದಿರುತ್ತೀರಿ. ಕಡಿಮೆ ಅಧಿಕಾರದ ಪ್ರೋಗ್ರಾಮ್ ಹೆಚ್ಚು ಅಧಿಕಾರದ ಪ್ರೋಗ್ರಾಮ್‌ನೊಳಗೆ ಕೈಹಾಕಲು ವಿಂಡೋಸ್ ಬಿಡುವುದಿಲ್ಲ. ಹಾಗಾಗಿ ಕನ್ನಡ ಒಳಗೆ ಹೋಗದು. ಟೈಪ್ ಮಾಡುವ ಪ್ರೋಗ್ರಾಮನ್ನು ಮುಚ್ಚಿ ಸಾಮಾನ್ಯ ರೀತಿಯಲ್ಲಿ ತೆರೆದರೆ ಸರಿಹೋಗುತ್ತದೆ. ಅದಕ್ಕೆ ಪೂರ್ತಿ ಅಧಿಕಾರ ಬೇಕೇಬೇಕು ಎಂದಾದರೆ ಕೀಲಿಮಣೆ ತಂತ್ರಾಂಶವನ್ನೂ ಅದೇ ರೀತಿ ತೆರೆಯಬೇಕು.

ಮೂರನೆಯದು ಕಳೆದುಹೋದಂತೆ ಕಾಣುವ ಫೈಲ್‌ಗಳು. ವಿಸ್ಟಾಕ್ಕಿಂತ ಹಿಂದಿನ ಪ್ರೋಗ್ರಾಮ್‌ಗಳು ತಮ್ಮ ಸೆಟ್ಟಿಂಗ್‌ಗಳನ್ನು, ಕೆಲವೊಮ್ಮೆ ನಿಮ್ಮ ದಾಖಲೆಗಳನ್ನೂ, ಪ್ರೋಗ್ರಾಮ್ ಫೈಲ್ಸ್ ಒಳಗೇ ಉಳಿಸಲು ನೋಡುತ್ತವೆ. ಅಲ್ಲಿ ಬರೆಯಲು ಅನುಮತಿ ಇಲ್ಲ. ಹಾಗೆಂದು ತಡೆದರೆ ಪ್ರೋಗ್ರಾಮ್ ಕೆಟ್ಟು ನಿಲ್ಲುತ್ತದೆ. ಅದಕ್ಕೆ ವಿಂಡೋಸ್ ಆ ಫೈಲನ್ನು ನಿಮ್ಮ ಆ್ಯಪ್‌ಡೇಟಾ ಫೋಲ್ಡರ್‌ನ ಒಳಗಿರುವ 'ಲೋಕಲ್' ಫೋಲ್ಡರ್‌ನಲ್ಲಿ 'ವರ್ಚುವಲ್‌ಸ್ಟೋರ್' ಎಂಬಲ್ಲಿಗೆ ತಿರುಗಿಸಿ ಬರೆಯುತ್ತದೆ. ಪ್ರೋಗ್ರಾಮ್‌ಗೆ ಇದು ತಿಳಿಯುವುದೇ ಇಲ್ಲ. ಮರುದಿನ ಅದೇ ಪ್ರೋಗ್ರಾಮನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅದು ನಿಜವಾದ ಫೋಲ್ಡರನ್ನೇ ನೋಡುತ್ತದೆ, ನಿನ್ನೆಯ ಕೆಲಸ ಮಾಯವಾದಂತೆ ಕಾಣುತ್ತದೆ. ಗಾಬರಿ ಬೇಡ. ವರ್ಚುವಲ್‌ಸ್ಟೋರ್ ತೆರೆದು ನೋಡಿ, ಫೈಲ್ ಅಲ್ಲಿರುತ್ತದೆ. ಇಂಥ ಹಳೆಯ ಸಾಫ್ಟ್‌ವೇರ್ ಹಾಕುವಾಗಲೇ ಜಾಗ ಬದಲಿಸಿ, ಸಿ ಡ್ರೈವ್‌ನಲ್ಲಿ ನೇರವಾಗಿ ಒಂದು ಹೊಸ ಫೋಲ್ಡರ್ ಮಾಡಿ ಅದರಲ್ಲಿ ಹಾಕುವುದು ಒಳ್ಳೆಯದು. ಅಲ್ಲಿ ಬರೆಯಲು ಸಾಮಾನ್ಯ ಅಧಿಕಾರ ಸಾಕಾಗುತ್ತದೆ.

ಯೆಸ್ ಗುಂಡಿಯೇ ಇಲ್ಲದಿದ್ದರೆ

ಕೆಲವರ ಚೌಕದಲ್ಲಿ ಪಾಸ್‌ವರ್ಡ್ ಹಾಕುವ ಜಾಗವೂ ಇರುವುದಿಲ್ಲ, ಯೆಸ್ ಒತ್ತಲೂ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ಒಂದೂ ಅಡ್ಮಿನಿಸ್ಟ್ರೇಟರ್ ಖಾತೆ ಉಳಿದಿಲ್ಲ ಎಂಬುದು ಇದರ ಅರ್ಥ. ಇದ್ದ ಒಂದೇ ಖಾತೆಯನ್ನು ಯಾರೋ ಸ್ಟ್ಯಾಂಡರ್ಡ್ ಮಾಡಿಬಿಟ್ಟಿರುತ್ತಾರೆ. ಇಂಥ ಹೊತ್ತಿಗೆಂದು ವಿಂಡೋಸ್‌ನಲ್ಲಿ 'ಅಡ್ಮಿನಿಸ್ಟ್ರೇಟರ್' ಎಂಬ ಹೆಸರಿನದೇ ಒಂದು ಖಾತೆಯನ್ನು ಮುಚ್ಚಿ ಇಟ್ಟಿರುತ್ತಾರೆ. ಬೇರೆ ಅಡ್ಮಿನಿಸ್ಟ್ರೇಟರ್ ಇಲ್ಲದ ಮನೆ ಕಂಪ್ಯೂಟರ್‌ನಲ್ಲಿ, ಸೇಫ್ ಮೋಡ್ ಎಂಬ ಸರಳ ಸ್ಥಿತಿಯಲ್ಲಿ ಮಾತ್ರ, ಆ ಖಾತೆಯಿಂದ ಒಳಗೆ ಬರುವಂತೆ ಮೈಕ್ರೋಸಾಫ್ಟ್ ಏರ್ಪಾಟು ಮಾಡಿದೆ.

ಸೇಫ್ ಮೋಡ್‌ಗೆ ಹೋಗಲು ಶಿಫ್ಟ್ ಕೀಲಿ ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿ. ಬರುವ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಹೀಗೆ ಒಂದಾದ ಮೇಲೊಂದು ಒತ್ತಿ, ಕೊನೆಗೆ ಸಂಖ್ಯೆ 4 ಒತ್ತಿ. ಒಳಗೆ ಬಂದ ಮೇಲೆ ಕಂಟ್ರೋಲ್ ಪ್ಯಾನೆಲ್‌ನಿಂದ ನಿಮ್ಮ ಖಾತೆಯನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಮತ್ತೆ ರೀಸ್ಟಾರ್ಟ್ ಮಾಡಿ. ಈ ದಾರಿ ಹಿಡಿಯುವ ಮುನ್ನ ಎರಡು ಎಚ್ಚರ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ ನಡುವೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲೇ ಮೊಬೈಲ್‌ನಿಂದ ನೋಡಿ ಬರೆದುಕೊಳ್ಳಿ. ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳುವುದು ಎರಡನೆಯದು. ಅಡ್ಮಿನಿಸ್ಟ್ರೇಟರ್ ಖಾತೆ ಇದೆ, ಪಾಸ್‌ವರ್ಡ್ ಮಾತ್ರ ಮರೆತಿದೆ ಎಂದಾದರೆ ಇಷ್ಟೆಲ್ಲ ಬೇಕಿಲ್ಲ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಮೊಬೈಲ್‌ನಿಂದಲೇ ಬದಲಿಸಿಕೊಳ್ಳಬಹುದು.

ಖರ್ಚು ಎಷ್ಟು, ಸಾಫ್ಟ್‌ವೇರ್ ಎಲ್ಲಿಂದ?

ಇಲ್ಲಿ ಹೇಳಿದ ಯಾವುದಕ್ಕೂ ದುಡ್ಡು ಬೇಕಿಲ್ಲ. ಎಲ್ಲವೂ ವಿಂಡೋಸ್ ಒಳಗೇ ಇವೆ. 'ಪರ್ಮಿಷನ್ ಫಿಕ್ಸರ್' ಎಂದು ಮಾರುವ ಸಾಫ್ಟ್‌ವೇರ್ ಕೊಳ್ಳಬೇಡಿ. ಅದಕ್ಕೂ ನೀವು ಅಡ್ಮಿನಿಸ್ಟ್ರೇಟರ್ ಅನುಮತಿ ಕೊಡಲೇಬೇಕಾಗುತ್ತದೆ. ಅಂದರೆ ಗುರುತು ಪರಿಚಯ ಇಲ್ಲದವರ ಕೈಗೆ ಇಡೀ ಕಂಪ್ಯೂಟರ್ ಒಪ್ಪಿಸಿದ ಹಾಗೆ. ಅಂಗಡಿಗೆ ಕೊಡುವುದಾದರೆ 'ವಿಂಡೋಸ್ ಪೂರ್ತಿ ಹೊಸದಾಗಿ ಹಾಕಬೇಕು' ಎಂದು ಅವರು ಹೇಳುವ ಮುನ್ನ, ಖಾತೆಯ ಬಗೆ ನೋಡಿದಿರಾ ಎಂದು ಕೇಳಿ.

ಪ್ರಿಂಟರ್ ಡ್ರೈವರನ್ನು ತಯಾರಕರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಯಾರು ಕೊಟ್ಟರೋ ಅವರೇ ಅದರ ಡ್ರೈವರ್‌ನ ಕೊಂಡಿಯನ್ನೂ ಕೊಡುತ್ತಾರೆ. ನುಡಿಯನ್ನು ರೂಪಿಸಿದ್ದು ಕನ್ನಡ ಗಣಕ ಪರಿಷತ್ತು, ಅದು ಉಚಿತ. ಸ್ನೇಹಿತರ ಪೆನ್‌ಡ್ರೈವ್‌ನಿಂದ ಹಳೆಯ ಆವೃತ್ತಿ ತರುವ ಬದಲು ಹೊಸದನ್ನೇ ಇಳಿಸಿಕೊಂಡರೆ ಅನುಮತಿಯ ತೊಡಕು ಅರ್ಧಕ್ಕರ್ಧ ಕಡಿಮೆ. ವಾಟ್ಸ್‌ಆ್ಯಪ್‌ಗೋ ಫೇಸ್‌ಬುಕ್‌ಗೋ ಯೂನಿಕೋಡ್ ಕನ್ನಡ ಟೈಪ್ ಮಾಡುವುದಷ್ಟೇ ಉದ್ದೇಶವಾದರೆ ಯಾವ ಸೆಟಪ್ ಫೈಲೂ ಬೇಕಿಲ್ಲ. ಸೆಟ್ಟಿಂಗ್ಸ್‌ನ 'ಟೈಮ್ ಆ್ಯಂಡ್ ಲ್ಯಾಂಗ್ವೇಜ್' ಪುಟದಲ್ಲಿ ಕನ್ನಡ ಸೇರಿಸಿ, ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ ಫೊನೆಟಿಕ್ ಆರಿಸಿ. ಇಂಗ್ಲಿಷ್ ಉಚ್ಚಾರದಲ್ಲಿ ಟೈಪ್ ಮಾಡಿದರೆ ಕನ್ನಡ ಮೂಡುತ್ತದೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಿಕೊಳ್ಳಬಹುದು.

ಮಗಳು ಅಮೆರಿಕದಿಂದಲೋ ಬೆಂಗಳೂರಿನಿಂದಲೋ ಎನಿಡೆಸ್ಕ್‌ನಂಥ ಆ್ಯಪ್ ಮೂಲಕ ನಿಮ್ಮ ಪರದೆ ನೋಡುತ್ತ ಸಹಾಯ ಮಾಡುತ್ತಿದ್ದರೆ, ಅನುಮತಿಯ ಚೌಕ ಬಂದ ಕೂಡಲೇ ಅವಳಿಗೆ ಪರದೆ ಕಾಣದೆ ಹೋಗಬಹುದು. ಮೊದಲು ಹೇಳಿದ ಕಾಪಿಟ್ಟ ಪರದೆ ಹೊರಗಿನವರಿಗೂ ಮುಚ್ಚಿರುತ್ತದೆ. ಆಗ ಅವಳು 'ಯೆಸ್ ಒತ್ತಪ್ಪಾ' ಎಂದು ಫೋನಿನಲ್ಲಿ ಹೇಳುತ್ತಾಳೆ, ನೀವು ಒತ್ತುತ್ತೀರಿ. ವಂಚಕರೂ ಇದೇ ಮಾತನ್ನು ಹೇಳಿ ಯೆಸ್ ಒತ್ತಿಸುತ್ತಾರೆ. ಮೈಕ್ರೋಸಾಫ್ಟ್‌ನಿಂದ, ಬ್ಯಾಂಕಿನಿಂದ ಎಂದು ತಾವಾಗಿ ಕರೆ ಮಾಡಿದವರ ಮಾತು ಕೇಳಿ ಆ ಗುಂಡಿ ಒತ್ತಬೇಡಿ. ಈಗಾಗಲೇ ಒತ್ತಿದ್ದರೆ ತಕ್ಷಣ ಇಂಟರ್‌ನೆಟ್ ಸಂಪರ್ಕ ತೆಗೆಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಬೇರೊಂದು ಸಾಧನದಿಂದ ನಿಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ.